ತೆಲುಗು ಸೆಕ್ಷನ್ನಿನ ಹದಿನಾಲ್ಕು ಮಂದಿ

ಸಿರುಗುಪ್ಪದ ಹೈಸ್ಕೂಲಿನಲ್ಲಿ ಕೆಲಸಕ್ಕೆ ಹಾಜರಾದ ದಿನ ಹೆಡ್‌ಮಾಸ್ತರರು ನನ್ನ ವರ್ಗಾವಣೆಯ ಆದೇಶವನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು, “ನಿಮಗ ತೆಲುಗು ಬರತೈತೇನ್ರಿ?”

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದವನಿಗೆ ಕೇಳುವ ಪ್ರಶ್ನೆಯೇ ಅದು? ನಮ್ಮ ಅಬ್ಬಾನ ಲಾರಿ ರಿಪೇರಿ ಶೆಡ್ಡಿಗೆ ಬರುತ್ತಿದ್ದ ಡ್ರೈವರುಗಳಲ್ಲಿ ಅರ್ಧ ಮಂದಿ ಆಂಧ್ರದವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶೆಡ್ಡಿನಲ್ಲಿ ತೆಲುಗು ಎಂದು ಬೆಳೆದವನು ನಾನು. “ಛಲೋ ಬರತೈತ್ರಿ ಸರ್” ಎಂದೆ. ಆ ಒಂದು ಉತ್ತರಕ್ಕೆ ಎಂಟು ತಿಂಗಳು ಬೆವರು ಸುರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಅಣೆಕಟ್ಟಿನ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು, ಸಿರುಗುಪ್ಪದ ಸುತ್ತ ಭೂಮಿ ಕೊಂಡು, ಭತ್ತ ಹಾಕಿ, ಅಲ್ಲಲ್ಲೇ ಮನೆ ಕಟ್ಟಿಕೊಂಡಿದ್ದರು. ಆ ಊರುಗಳಿಗೆಲ್ಲ ಕ್ಯಾಂಪ್ ಎಂದೇ ಹೆಸರು. ಕ್ಯಾಂಪಿನ ಮಕ್ಕಳು ಓದುತ್ತಿದ್ದುದು ತೆಲುಗು ಮಾಧ್ಯಮದಲ್ಲಿ. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ತೆಲುಗು ಸೆಕ್ಷನ್ನಿನಲ್ಲಿ ಹದಿನಾಲ್ಕು ಮಂದಿ ಇದ್ದರು. ಅವರ ಗಣಿತದ ಮಾಸ್ತರರು ಒಂದೂವರೆ ವರ್ಷದ ಹಿಂದೆ ಆಂಧ್ರದಲ್ಲೇ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದರು. ಆ ಜಾಗಕ್ಕೆ ತೆಲುಗಿನವರು ಯಾರೂ ಬರಲಿಲ್ಲ, ನಾನು ಬಂದೆ.

ಹೆಡ್‌ಮಾಸ್ತರರು ಕುರುಗೋಡಿನ ಕಡೆಯವರು. ಮಾತು ಒರಟು, ಲೆಕ್ಕಾಚಾರ ನೇರ. “ಹೋದ ವರ್ಷ ಆ ಸೆಕ್ಷನ್ನಿನಾಗ ಗಣಿತದಾಗ ಒಬ್ಬನೂ ಪಾಸಾಗಲಿಲ್ಲ. ಒಬ್ಬನೂ ಅಂದ್ರ ಒಬ್ಬನೂ. ಮ್ಯಾಲಿನವರ ಕೈಲೆ ನಾ ಬೈಸಿಕೊಂಡೆ. ಈ ಸಲ ಹಂಗ ಬಿಡೂದಿಲ್ಲ. ಫೆಬ್ರವರಿ ಪ್ರಿಪರೇಟರಿ ಪರೀಕ್ಷಾದಾಗ ಗಣಿತ ಪಾಸಾದವರಿಗಷ್ಟ ಹಾಲ್ ಟಿಕೆಟ್. ಉಳದವರು ಮನ್ಯಾಗ ಕುಂಡರಲಿ. ಎಲ್ಲಾರೂ ಫೇಲಾದ್ರ ಸೆಕ್ಷನ್ನ ಬಂದ್ ಮಾಡತೀನಿ. ತಿಳೀತಲ್ರಿ?” ಎಂದರು. ತಿಳಿಯಿತು ಎಂದು ತಲೆಯಾಡಿಸಿದೆ. ನನಗೆ ಆಗ ಹನ್ನೊಂದು ವರ್ಷದ ಅನುಭವ. ಬಳ್ಳಾರಿಯಲ್ಲಿ ನಾನು ಬೋರ್ಡಿನ ಮೇಲೆ ಪಾಠ ಮಾಡುವ ರೀತಿ ನೋಡಿ ಶಾಲಾ ಇನ್‌ಸ್ಪೆಕ್ಟರರು ಮೆಚ್ಚಿದ್ದರು. ತಲೆಯಲ್ಲಿ ಆ ಗಾಳಿ ಇನ್ನೂ ಇತ್ತು.

ಮೊದಲನೆಯ ಪೀರಿಯಡ್ಡಿನಲ್ಲೇ ಅದು ಇಳಿಯಿತು. ಐದು ಹುಡುಗಿಯರು, ಒಂಬತ್ತು ಹುಡುಗರು, ಎದ್ದು ನಿಂತು ನಮಸ್ಕಾರ ಹೇಳಿ ಕುಳಿತರು. ನಾನು ತೆಲುಗಿನಲ್ಲಿ ಶುರು ಮಾಡಿದೆ. ಅರ್ಧ ನಿಮಿಷದಲ್ಲಿ ಹುಡುಗಿಯರು ತಲೆ ತಗ್ಗಿಸಿದರು, ಹುಡುಗರ ಭುಜಗಳು ಕುಲುಕತೊಡಗಿದವು. ನನ್ನ ತೆಲುಗು ಶೆಡ್ಡಿನ ತೆಲುಗು. ಹಿಡಿ, ಎಳೆ, ಬಿಗಿ ಮಾಡು, ಇನ್ನೂ ಬಿಗಿ ಮಾಡು, ಯಾವ ಕತ್ತೆ ಇದನ್ನು ಇಲ್ಲಿಟ್ಟದ್ದು — ಇಷ್ಟು ನನಗೆ ನೀರು ಕುಡಿದಷ್ಟು ಸಲೀಸು. ‘ಹೀಗಿದ್ದರೆ ಹಾಗೆ, ಆದ್ದರಿಂದ ಹೀಗೆ’ ಎನ್ನುವ ತೆಲುಗು ನನ್ನ ಬಾಯಲ್ಲಿ ಒಂದು ದಿನವೂ ಹೊರಳಿರಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿ, “ಸಾರ್, ನೀವು ಮೊದಲು ಲಾರಿ ಓಡಿಸುತ್ತಿದ್ದಿರಾ?” ಎಂದು ತೆಲುಗಿನಲ್ಲಿ ಕೇಳಿದ. ಕುಹಕವಿರಲಿಲ್ಲ, ಅವನಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಡಸ್ಟರಿನಿಂದ ಮೇಜು ಕುಟ್ಟಿದೆ. ಆಮೇಲೆ ಯಾರೂ ನಗಲಿಲ್ಲ, ಯಾರೂ ಏನನ್ನೂ ಕೇಳಲೂ ಇಲ್ಲ.

ಕನ್ನಡದಲ್ಲಿ ಪಾಠ ಮಾಡಿ ನೋಡಿದೆ. ಅಂಗಡಿ, ಬಸ್ಸು, ಸಂತೆಗೆ ಬೇಕಾದಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಆದರೆ ಒಂಬತ್ತು ವರ್ಷ ತೆಲುಗಿನಲ್ಲಿ ಲೆಕ್ಕ ಕಲಿತವರು. ಪರೀಕ್ಷೆಯಲ್ಲಿ ಬರೆಯಬೇಕಾದದ್ದೂ ತೆಲುಗಿನಲ್ಲೇ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಕೊನೆಯಲ್ಲಿ ‘ತಿಳಿಯಿತಾ’ ಎಂದರೆ ಮತ್ತೆ ತಲೆಯಾಡಿಸುತ್ತಿದ್ದರು. ನೋಟ್‌ಬುಕ್ ತೆಗೆಸಿದರೆ ಖಾಲಿ.

ಶಾಲೆಯಲ್ಲಿದ್ದ ಒಂದೇ ಒಂದು ಹರಿದ ತೆಲುಗು ಪಠ್ಯಪುಸ್ತಕವನ್ನು ಸಿರುಗುಪ್ಪದಲ್ಲಿ ಹಿಡಿದಿದ್ದ ರೂಮಿಗೆ ಒಯ್ದೆ. ಲಿಪಿ ನಮ್ಮದಕ್ಕೆ ಹತ್ತಿರವೇ, ಆದರೂ ಒಂದನೇ ತರಗತಿಯ ಹುಡುಗನಂತೆ ಅಕ್ಷರ ಅಕ್ಷರ ಕೂಡಿಸಿ ಓದಬೇಕು. ಬೆಳಗಿನ ಜಾವ ಎದ್ದು ಆ ದಿನದ ಪ್ರಮೇಯವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ನಡುವೆ ಒಂದು ವಾಕ್ಯ ಮರೆತರೆ ಮುಂದಿನದೆಲ್ಲ ಕುಸಿಯುತ್ತಿತ್ತು. ಅಷ್ಟರಲ್ಲಿ ಭತ್ತದ ನಾಟಿ ಬಂತು. ಅರ್ಧ ಮಕ್ಕಳು ಹದಿನೈದು ದಿನ ಗದ್ದೆಯಲ್ಲಿದ್ದರು. ಆಗಸ್ಟ್ ಕೊನೆಗೆ ಇಪ್ಪತ್ತೈದು ಅಂಕದ ಟೆಸ್ಟ್ ಕೊಟ್ಟರೆ ಎಲ್ಲರಿಗಿಂತ ಹೆಚ್ಚು ಪಡೆದವರಿಗೆ ಆರು. ಶನಿವಾರ ಸಂಜೆ ಬಳ್ಳಾರಿ ಬಸ್ಸಿನಲ್ಲಿ ಕುಳಿತು, ಅಲ್ಲಿ ಸತ್ಯನಾರಾಯಣಪೇಟೆಯಲ್ಲಿದ್ದ ನಮ್ಮ ಬಾಡಿಗೆ ಮನೆ ತಲುಪುವವರೆಗೂ ಮರುವರ್ಗಾವಣೆಯ ಅರ್ಜಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಬರೆಯುತ್ತಿದ್ದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ. ವೃತ್ತದ ಹೊರಗಿನ ಒಂದು ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ಉದ್ದ ಒಂದೇ ಎಂದು ಸಾಧಿಸಬೇಕು. ಬಾಯಿಪಾಠ ಮಾಡಿದ್ದು ಮೂರನೇ ವಾಕ್ಯಕ್ಕೇ ಕೈಕೊಟ್ಟಿತು. ನನಗೆ ಸಾಕಾಗಿಹೋಗಿತ್ತು. ಬೆನ್ನು ತಿರುಗಿಸಿ, ಒಂದು ಮಾತೂ ಆಡದೆ, ಬೋರ್ಡಿನ ಮೇಲೆ ಚಿತ್ರ ಬರೆದು, ಚಿಹ್ನೆಗಳಲ್ಲೇ ಸಾಲು ಸಾಲಾಗಿ ಸಾಧನೆ ಮುಗಿಸಿದೆ. ಸಿಟ್ಟಿನಲ್ಲಿ ಬರೆದದ್ದು. ಎರಡು ತ್ರಿಭುಜಗಳು ಸರ್ವಸಮ ಎಂದು ತೋರಿಸುವಾಗ ‘ಎರಡು ಬಾಹು ಮತ್ತು ಅವುಗಳ ನಡುವಿನ ಕೋನ’ ಎಂಬ ನಿಯಮದ ಗುರುತು ಹಾಕಿಬಿಟ್ಟಿದ್ದೆ. ಅಲ್ಲಿದ್ದ ಲಂಬಕೋನ ಆ ಎರಡು ಬಾಹುಗಳ ನಡುವೆ ಇರಲೇ ಇಲ್ಲ, ಬೇರೆ ನಿಯಮ ಹೇಳಬೇಕಾಗಿತ್ತು. ಕೈ ಒರೆಸಿಕೊಳ್ಳುತ್ತ ತಿರುಗಿದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬರುತ್ತಿದ್ದಾಳೆ. ಜೂನ್‌ನಿಂದ ಅವಳ ಧ್ವನಿಯನ್ನೇ ನಾನು ಕೇಳಿರಲಿಲ್ಲ. ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಆ ಸಾಲಿನ ಸುತ್ತ ಒಂದು ಸುತ್ತು ಹಾಕಿ, ವಾಪಸು ಹೋಗಿ ಕುಳಿತಳು.

ನಾನು ಬೋರ್ಡ್ ನೋಡಿದೆ, ಅವಳನ್ನು ನೋಡಿದೆ, ಮತ್ತೆ ಬೋರ್ಡ್ ನೋಡಿದೆ. ಅವಳು ತೋರಿಸಿದ್ದು ಸರಿ. ಮೂರು ತಿಂಗಳು ನಾನು ಮಾತಾಡುತ್ತಿದ್ದಾಗ ಒಂದಕ್ಷರವೂ ತಲುಪದಿದ್ದ ಹುಡುಗಿಗೆ, ನಾನು ಬಾಯಿ ಮುಚ್ಚಿದ ಹತ್ತು ನಿಮಿಷದಲ್ಲಿ ನನ್ನ ತಪ್ಪು ತಲುಪಿತ್ತು.

ಆ ಸಂಜೆ ರೂಮಿನಲ್ಲಿ ಕುಳಿತು ನಿರ್ಧಾರ ಮಾಡಿದೆ. ಇನ್ನು ಗಂಟೆಯಿಂದ ಗಂಟೆಯವರೆಗೆ ಗಣಿತದ ಪೀರಿಯಡ್ಡಿನಲ್ಲಿ ಯಾರೂ ಮಾತಾಡುವುದಿಲ್ಲ, ನಾನೂ ಸೇರಿ. ಪ್ರಶ್ನೆಯಲ್ಲಿ ಕೊಟ್ಟದ್ದಕ್ಕೆ ಹಳದಿ ಸೀಮೆಸುಣ್ಣ, ಸಾಧಿಸಬೇಕಾದದ್ದಕ್ಕೆ ಕೆಂಪು. ಒಂದು ಸಾಲಿಗೆ ಒಂದೇ ಹೆಜ್ಜೆ. ದಿನದ ಸಾಧನೆಯಲ್ಲಿ ಒಂದು ಕಡೆ ನಾನು ಬೇಕೆಂದೇ ತಪ್ಪು ಹಾಕುತ್ತೇನೆ. ಕಂಡವರು ಬಂದು ಸುತ್ತು ಹಾಕಬೇಕು. ಸುಮ್ಮನೆ ಹಾಕುವಂತಿಲ್ಲ, ಆ ಹೆಜ್ಜೆ ಮುರಿದುಬೀಳುವ ಒಂದು ಚಿತ್ರವನ್ನು ಪಕ್ಕದಲ್ಲಿ ಬರೆದು ತೋರಿಸಬೇಕು. ಇದನ್ನೆಲ್ಲ ನನ್ನ ಲಾರಿ ತೆಲುಗಿನಲ್ಲಿ ಒಂದೇ ಸಲ ಹೇಳಿ ಮುಗಿಸಿದೆ. ಈ ಸಲ ಅವರು ನಕ್ಕಾಗ ನಾನೂ ನಕ್ಕೆ.

ನಾಲ್ಕನೆಯ ದಿನ ಹೆಡ್‌ಮಾಸ್ತರರು ದಡಬಡನೆ ಬಂದರು. ಸದ್ದಿಲ್ಲದ್ದು ನೋಡಿ ಕ್ಲಾಸಿನಲ್ಲಿ ಮಾಸ್ತರೇ ಇಲ್ಲವೆಂದುಕೊಂಡಿದ್ದರಂತೆ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ನನ್ನನ್ನು ಹೊರಗೆ ಕರೆದರು. “ಬಾಯಿದ್ದವ ಬರಗಾಲದಾಗ ಬದುಕಿದ ಅಂತಾರ. ನೀವು ಬಾಯಿ ಮುಚ್ಚಿ ಬದುಕಾಕ ಹೊಂಟೀರಲ್ರಿ! ಇದು ಪಾಠನಾ, ಪೂಜಾನಾ?”

“ಒಂದು ತಿಂಗಳು ಬಿಡ್ರಿ ಸರ್” ಎಂದೆ. ಗೊಣಗುತ್ತ ಹೋದರು.

ಮೊದಲ ವಾರ ಸುತ್ತು ಹಾಕುತ್ತಿದ್ದವಳು ಆ ಹುಡುಗಿ ಒಬ್ಬಳೇ. ಎರಡನೆಯ ವಾರ ನಾಲ್ವರಾದರು. ಆಮೇಲೆ ಬೋರ್ಡಿನ ಮುಂದೆ ಸಾಲು ನಿಲ್ಲತೊಡಗಿತು. ಒಬ್ಬ ಹಾಕಿದ ಸುತ್ತನ್ನು ಇನ್ನೊಬ್ಬ ಅಳಿಸುವುದು, ಮೂರನೆಯವಳು ಬಂದು ಬೇರೆ ಸಾಲಿಗೆ ಸುತ್ತು ಹಾಕುವುದು, ಎಲ್ಲ ಬಾಯಿ ಮುಚ್ಚಿಕೊಂಡೇ. ಗೋಡೆಯ ಪಕ್ಕ ಕೂರುವ ಎತ್ತರದ ಹುಡುಗನೊಬ್ಬ ಮಾತ್ರ ಎದ್ದು ಬರಲೇ ಇಲ್ಲ. ಹತ್ತು ಮೈಲಿ ಸೈಕಲ್ ತುಳಿದು ಬರುತ್ತಿದ್ದ. ಗಣಿತದಲ್ಲಿ ಎಲ್ಲರಿಗಿಂತ ಹಿಂದೆ. ಬೋರ್ಡನ್ನು ದಿಟ್ಟಿಸುತ್ತಿದ್ದ, ಏನೋ ಬರೆದುಕೊಳ್ಳುತ್ತಿದ್ದ, ತಾನೇ ಹೊಡೆದುಹಾಕುತ್ತಿದ್ದ.

ಅಕ್ಟೋಬರಿನಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಎಂಬ ಪ್ರಮೇಯ. ವ್ಯಾಸದ ಎರಡು ತುದಿಗಳಿಂದ ವೃತ್ತದ ಮೇಲಿನ ಯಾವುದೇ ಬಿಂದುವಿಗೆ ಗೆರೆ ಎಳೆದರೂ ಅಲ್ಲಿ ತೊಂಬತ್ತು ಡಿಗ್ರಿಯೇ. ಪುಸ್ತಕದಲ್ಲಿರುವ ದಾರಿ ಒಂದು: ಆ ಬಿಂದುವನ್ನು ಕೇಂದ್ರಕ್ಕೆ ಸೇರಿಸಿ, ಎರಡು ಸಮದ್ವಿಬಾಹು ತ್ರಿಭುಜ ಮಾಡಿ, ಕೋನಗಳನ್ನು ಕೂಡಿಸಿ ಕಳೆದು ತೋರಿಸುವುದು. ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ, ಆ ದಿನವೂ ಅದನ್ನೇ ಬರೆದೆ. ಹಾಕಿದ್ದ ತಪ್ಪನ್ನು ಯಾರೋ ಹಿಡಿದರು. ಇನ್ನೇನು ಬೋರ್ಡ್ ಒರೆಸಬೇಕು, ಆ ಹುಡುಗಿ ಬಂದು ಪಕ್ಕದ ಖಾಲಿ ಜಾಗದಲ್ಲಿ ಹೊಸ ವೃತ್ತ ಬರೆದಳು. ಕೇಂದ್ರಕ್ಕೆ ಸೇರಿಸಿದ ಗೆರೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಕೇಂದ್ರ ದಾಟಿಸಿ ಎದುರುಗಡೆಯ ಅಂಚಿನವರೆಗೆ ಒಯ್ದಳು. ಈಗ ವೃತ್ತದೊಳಗೆ ಎರಡು ವ್ಯಾಸಗಳು. ನಾಲ್ಕು ತುದಿಗಳನ್ನು ಸೇರಿಸಿದಳು. ಎರಡೂ ವ್ಯಾಸಗಳು ಸಮ, ಎರಡೂ ಒಂದನ್ನೊಂದು ಅರ್ಧಕ್ಕೆ ಕತ್ತರಿಸುತ್ತವೆ ಎಂದು ಗುರುತು ಹಾಕಿದಳು. ಹಾಗಾದರೆ ಆ ಚತುರ್ಭುಜ ಆಯತ, ಆಯತದ ಮೂಲೆ ಲಂಬಕೋನ. ಮುಗಿಯಿತು. ಕೋನಗಳನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಕೇಂದ್ರ ದಾಟಿಸಿ ಅವಳು ಎಳೆದ ಗೆರೆ ಗೇಣುದ್ದವೂ ಇರಲಿಲ್ಲ.

ನಾನು ಹೋಗಿ ಅವಳ ಬೆಂಚಿನ ಖಾಲಿ ಜಾಗದಲ್ಲಿ ಕುಳಿತುಬಿಟ್ಟೆ. ಇಂಥದ್ದು ಎಲ್ಲೋ ದೊಡ್ಡ ಪುಸ್ತಕದಲ್ಲಿ ಇದ್ದೀತು, ನನಗೆ ಗೊತ್ತಿರಲಿಲ್ಲ. ಅವಳಿಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಆಯತದ ಎದುರು ನಾನು ಹಾಗೆ ಬೆರಗಾಗಿ ಕುಳಿತದ್ದು ಅದೇ ಮೊದಲು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆಮೇಲೆ ಮುಂದಿನ ಪೀರಿಯಡ್ಡಿನ ಸಮಾಜ ವಿಜ್ಞಾನದ ಮಾಸ್ತರರು ಬಾಗಿಲಲ್ಲಿ ಕೆಮ್ಮಿದರು.

ಇನ್ನು ಗೆದ್ದೆ ಅಂದುಕೊಂಡೆ. ಅರ್ಧವಾರ್ಷಿಕ ಪರೀಕ್ಷೆ ನನ್ನ ಕಿವಿ ಹಿಂಡಿತು. ಹೆಡ್‌ಮಾಸ್ತರರು ಹಟ ಹಿಡಿದು ಉತ್ತರಪತ್ರಿಕೆಗಳನ್ನು ಬಳ್ಳಾರಿಯ ತೆಲುಗು ಮಾಧ್ಯಮದ ಗಣಿತ ಮಾಸ್ತರೊಬ್ಬರಿಗೆ ಕಳಿಸಿದ್ದರು. ಪ್ರಮೇಯದ ಪ್ರಶ್ನೆಗಳಿಗೆಲ್ಲ ಸೊನ್ನೆ ಬಂತು. ಆ ಹುಡುಗಿಯ ಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಚಿತ್ರ ಚೆನ್ನಾಗಿದೆ. ಕಾರಣ ಎಲ್ಲಿ?’

ಆ ಬಳ್ಳಾರಿಯ ಮಾಸ್ತರರನ್ನು ಬೈಯುವ ಹಾಗಿರಲಿಲ್ಲ. ಪ್ರತಿ ಹೆಜ್ಜೆಯ ಪಕ್ಕದಲ್ಲಿ ‘ಏಕೆಂದರೆ’ ಎಂದು ಕಾರಣವನ್ನು ಮಾತಿನಲ್ಲಿ ಬರೆಯಬೇಕು, ಅದೇ ನಿಯಮ. ನನ್ನ ಮಕ್ಕಳಿಗೆ ಕಾರಣ ಗೊತ್ತಿತ್ತು. ಅದನ್ನು ತೆಲುಗಿನಲ್ಲಿ ಬರೆಯುವುದನ್ನು ನಾನು ಕಲಿಸಿರಲಿಲ್ಲ, ಕಲಿಸಲು ನನಗೇ ಬರುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ತೆಲುಗು ಭಾಷೆ ಕಲಿಸುವ ಪಂಡಿತರೊಬ್ಬರಿದ್ದರು. ನಿವೃತ್ತಿಗೆ ಒಂದೇ ವರ್ಷ ಬಾಕಿ. ಬೆರಳ ಸಂದಿಯಲ್ಲಿ ನಶ್ಯ, ಬಾಯಲ್ಲಿ ಪದ್ಯ. ಗಣಿತವೆಂದರೆ ಮೂರು ಮಾರು ದೂರ. ತಮ್ಮ ಕಾಲದಲ್ಲಿ ಗಣಿತವನ್ನು ಮೂರನೇ ಸಲಕ್ಕೆ ದಾಟಿದವರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅವರ ಬಳಿ ಹೋಗಿ, ಕಾರಣಗಳಿಗೆ ವಾಕ್ಯ ಬರೆದುಕೊಡಿ ಎಂದು ಕೇಳಿದೆ. ಒಂದು ಚಿಟಿಕೆ ನಶ್ಯ ಏರಿಸಿದರು.

“ಬರದುಕೊಡ್ತೀನಿ ಮಾಸ್ಟರುಗಾರು. ಒಂದು ಷರತ್ತು. ನನಗೆ ಅರ್ಥ ಆಗದ ವಾಕ್ಯಾನ ನಾನು ಇಷ್ಟು ವರ್ಷದಾಗ ಒಂದೂ ಬರದಿಲ್ಲ. ಇದೂ ನನಗೆ ಮೊದಲು ಅರ್ಥ ಆಗಬೇಕು.”

ಮರುದಿನದಿಂದ ಪಂಡಿತರು ಗಣಿತದ ಪೀರಿಯಡ್ಡಿಗೆ ಬಂದು ಹುಡುಗರ ಬೆಂಚಿನ ಮೇಲೆ ಕುಳಿತರು. ಮೊದಲ ಅರ್ಧ ಗಂಟೆ ಎಂದಿನಂತೆ ಮೌನ. ಆಮೇಲೆ ಮಕ್ಕಳು ಅವರಿಗೆ ಅರ್ಥ ಮಾಡಿಸಬೇಕು, ತಮ್ಮ ಮನೆಯ ತೆಲುಗಿನಲ್ಲಿ. ಪಂಡಿತರು ಹೆಜ್ಜೆ ಹೆಜ್ಜೆಗೂ “ಎಂದುಕು?” ಎನ್ನುತ್ತಿದ್ದರು. ಏಕೆ, ಏಕೆ, ಏಕೆ. ಸುಲಭದಲ್ಲಿ ಒಪ್ಪುವವರಲ್ಲ. “ಕಣ್ಣಿಗೆ ಹಂಗ ಕಾಣಸ್ತದ ಅಂದ್ರ ನಾನು ಒಪ್ಪಲ್ಲ, ನನಗೆ ಪೊರೆ ಬಂದದ” ಎಂದು ತಮಾಷೆ ಮಾಡುತ್ತಿದ್ದರು. ತಾವು ಒಪ್ಪಿದ ಮೇಲೆ ಮಕ್ಕಳು ಹೇಳಿದ್ದನ್ನೇ ಒಂದು ಅಚ್ಚುಕಟ್ಟಾದ ವಾಕ್ಯ ಮಾಡಿ ರಟ್ಟಿನ ತುಂಡಿನ ಮೇಲೆ ಬರೆಯುತ್ತಿದ್ದರು. ಆ ರಟ್ಟು ಗೋಡೆಗೆ ಹೋಗುತ್ತಿತ್ತು. ಜನವರಿಯ ಹೊತ್ತಿಗೆ ಗೋಡೆ ತುಂಬಿತು. ನನ್ನ ತೆಲುಗೂ ಅಲ್ಲೇ ಸುಧಾರಿಸಿತು.

ತ್ರಿಭುಜದ ಮೂರು ಕೋನ ಕೂಡಿದರೆ ನೂರೆಂಬತ್ತು ಡಿಗ್ರಿ ಎಂಬುದನ್ನು ಮಕ್ಕಳು ಅವರಿಗೆ ಸಾಧಿಸಿ ತೋರಿಸಿದ ದಿನ ಪಂಡಿತರು ವಾಕ್ಯ ಬರೆಯಲಿಲ್ಲ. ಕ್ಲಾಸು ಮುಗಿದು ವರಾಂಡದಲ್ಲಿ ನಡೆಯುವಾಗ ನನ್ನ ತೋಳು ಹಿಡಿದುಕೊಂಡು ಹೇಳಿದರು, “ಇಷ್ಟು ವರ್ಷ ನಾನು ಇದನ್ನ ದೊಡ್ಡವರು ಹೇಳಿದ್ರು ಅಂತ ನಂಬಿದ್ದೆ ಮಾಸ್ಟರುಗಾರು. ಯಾರೂ ಹೇಳದಿದ್ರೂ ಅದು ಹಿಂಗೇ ಇರ್ತದ, ಅಲ್ಲಾ? ನಾನು ಹುಟ್ಟೋಕಿಂತ ಮೊದಲೂ ಹಿಂಗೇ ಇತ್ತು.” ಅವರ ಕಣ್ಣು ತುಂಬಿತ್ತು.

ಫೆಬ್ರವರಿ ಬಂತು. ಕನ್ನಡ ಸೆಕ್ಷನ್ನಿನ ಪ್ರಿಪರೇಟರಿ ಪ್ರಶ್ನೆಪತ್ರಿಕೆಯನ್ನೇ ತೆಲುಗಿಗೆ ಇಳಿಸಬೇಕೆಂದು ಹೆಡ್‌ಮಾಸ್ತರರ ಅಪ್ಪಣೆ. ಪಂಡಿತರು ಅನುವಾದ ಮಾಡಿಕೊಟ್ಟರು. ಸ್ಟೆನ್ಸಿಲ್ ಬರೆಯುವ ಕೆಲಸ ನನ್ನದು. ಮೇಣದ ಹಾಳೆಯ ಮೇಲೆ ಉಕ್ಕಿನ ಮುಳ್ಳಿನಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಒತ್ತಿದರೆ ಹಾಳೆ ಹರಿಯುತ್ತದೆ, ಒತ್ತದಿದ್ದರೆ ಶಾಯಿ ಇಳಿಯುವುದಿಲ್ಲ. ಓದುವಷ್ಟು ತೆಲುಗು ಕಲಿತಿದ್ದೆ, ಆದರೆ ಬರೆಯುವಾಗ ಮಾತ್ರ ನಾನು ಓದುತ್ತಿರಲಿಲ್ಲ. ಅಕ್ಷರಗಳನ್ನು ಚಿತ್ರದಂತೆ ನೋಡಿ ನೋಡಿ ಇಳಿಸುತ್ತಿದ್ದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಮೂರು ಸಲ ತಾಳೆ ನೋಡಿ, ರೋಲರ್ ಉರುಳಿಸಿ, ಪ್ರತಿಗಳನ್ನು ಸೀಲು ಮಾಡಿ ಹೆಡ್‌ಮಾಸ್ತರರ ಕೈಗೆ ಕೊಟ್ಟೆ.

ಪರೀಕ್ಷೆಯ ದಿನ ಆಯಾ ವಿಷಯದ ಮಾಸ್ತರರು ಹಾಲಿಗೆ ಹೋಗುವಂತಿಲ್ಲ. ನೀರು ಕುಡಿಯುವ ನೆಪ ಮಾಡಿಕೊಂಡು ವರಾಂಡದಲ್ಲಿ ಒಂದು ಸುತ್ತು ಹೋದೆ. ಕಿಟಕಿಯ ಪಕ್ಕದ ಹುಡುಗನ ಹಾಳೆಯ ಮೇಲೆ ವೃತ್ತದ ಚಿತ್ರವಿತ್ತು. ಕೇಂದ್ರದಿಂದ ಜ್ಯಾದ ಮೇಲೆ ಎಳೆದ ಲಂಬವು ಜ್ಯಾವನ್ನು ಅರ್ಧ ಮಾಡುತ್ತದೆ ಎಂದು ಸಾಧಿಸುವ ಪ್ರಶ್ನೆ ಅದು. ಜ್ಯಾ ಅಂದರೆ ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ. ಹುಡುಗನ ಚಿತ್ರದಲ್ಲಿ ಲಂಬ ಕೇಂದ್ರದಿಂದ ಹೊರಟಿರಲಿಲ್ಲ, ಎಲ್ಲೋ ಒಂದು ಬದಿಯಲ್ಲಿ ನಿಂತಿತ್ತು. ಜ್ಯಾ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಅವನ ಮುಂದಿನವನದೂ ಹಾಗೆಯೇ. ಅದರಾಚೆ ಆ ಹುಡುಗಿಯದೂ ಹಾಗೆಯೇ. ಇಷ್ಟು ಸುಲಭದ ಪ್ರಶ್ನೆಯಲ್ಲಿ ಎಲ್ಲರೂ ಒಟ್ಟಿಗೆ ತಪ್ಪಿದ್ದಾರೆ. ಹೆದರಿ ಎಲ್ಲ ಮರೆತಿದ್ದಾರೆ, ಇಲ್ಲವೇ ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆ. ಸ್ಟಾಫ್ ರೂಮಿಗೆ ಹೋಗಿ ಕುಳಿತೆ.

ನಾಲ್ಕೂವರೆಗೆ ಹೆಡ್‌ಮಾಸ್ತರರ ಕೋಣೆಯಲ್ಲಿ ಬಂಡಲ್ ಬಿಚ್ಚಿದೆವು. ಈ ಸಲ ಅವರ ಎದುರಿಗೇ ತಿದ್ದಬೇಕೆಂದು ಅವರ ಆಜ್ಞೆ. ವಾಕ್ಯ ಓದಿ ಕನ್ನಡದಲ್ಲಿ ಹೇಳಲು ಪಂಡಿತರು, ಅಂಕ ಹಾಕಲು ನಾನು. ಉಳಿದ ಪ್ರಶ್ನೆಗಳು ಮುಗಿದು ಆ ಪ್ರಶ್ನೆ ಬಂತು. ಕೆಂಪು ಪೆನ್ನು ಹಿಡಿದು ಕುಳಿತೆ. ಪಂಡಿತರು ಮೊದಲನೆಯ ಪತ್ರಿಕೆ ಓದಿದರು: ‘ಈ ಪ್ರಶ್ನೆ ಪೂರ್ತಿಯಾಗಿಲ್ಲ. ಕೇಳಿದಂತೆ ಇದು ನಿಜವಲ್ಲ, ಚಿತ್ರ ನೋಡಿ. ಲಂಬವನ್ನು ಕೇಂದ್ರದಿಂದ ಎಳೆದರೆ ಮಾತ್ರ ನಿಜ. ಹಾಗೆಂದುಕೊಂಡು ಸಾಧಿಸುತ್ತೇನೆ.’ ಕೆಳಗೆ ಇನ್ನೊಂದು ಚಿತ್ರ, ಪೂರ್ತಿ ಸಾಧನೆ, ಪ್ರತಿ ಹೆಜ್ಜೆಗೂ ಕಾರಣ.

ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಅಲ್ಲಿದ್ದದ್ದು ‘ಜ್ಯಾದ ಮೇಲೆ ಎಳೆದ ಲಂಬವು ಜ್ಯಾವನ್ನು ಅರ್ಧ ಮಾಡುತ್ತದೆ’ ಎಂದಷ್ಟೇ. ‘ಕೇಂದ್ರದಿಂದ’ ಎಂಬುದು ಎಲ್ಲೂ ಇಲ್ಲ. ಪಂಡಿತರು ತಮ್ಮ ಚೀಲದಿಂದ ಕೈಬರಹದ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿತ್ತು.

ಎರಡನೆಯ ಪತ್ರಿಕೆ, ಮೂರನೆಯದು, ನಾಲ್ಕನೆಯದು. ವಾಕ್ಯ ಬೇರೆ ಬೇರೆ, ಚಿತ್ರ ಬೇರೆ ಬೇರೆ. ಒಬ್ಬರದನ್ನೊಬ್ಬರು ನೋಡಿ ಬರೆದದ್ದಲ್ಲ. ಹತ್ತು ಮಂದಿ ಪ್ರಶ್ನೆಯೇ ತಪ್ಪೆಂದು ತೋರಿಸಿ, ಅದನ್ನು ಸರಿಮಾಡಿ, ಆಮೇಲೆ ಸಾಧಿಸಿದ್ದರು. ಮೂವರು ಏನೂ ಹೇಳದೆ ಕೇಂದ್ರವನ್ನು ತಾವೇ ಸೇರಿಸಿಕೊಂಡಿದ್ದರು. ಅಚ್ಚಾದ ಪ್ರಶ್ನೆಪತ್ರಿಕೆ ತಪ್ಪಿರಬಹುದು ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಪ್ರಶ್ನೆಗೆ ಹೆದರಿ ಉತ್ತರವನ್ನು ಬಗ್ಗಿಸುತ್ತಿದ್ದೆ. ಪೆನ್ನು ಕೆಳಗಿಟ್ಟೆ.

ಹೆಡ್‌ಮಾಸ್ತರರು ಚಿತ್ರಗಳನ್ನು ಒಂದೊಂದಾಗಿ ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಅವರ ಮುಖದಲ್ಲಿ ಆ ನಮೂನೆಯ ಸಂತೋಷವನ್ನು ನಾನು ನೋಡಿರಲಿಲ್ಲ. “ಮಾಸ್ತರ, ಬೇಕಂತಲೇ ಹಿಂಗ ಕೊಟ್ಟೀರೇನ್ರಿ? ಹುಡುಗರನ್ನ ಒರೆಗೆ ಹಚ್ಚಾಕ?”

ಹೌದು ಎಂದರೆ ಆಗುತ್ತಿತ್ತು. ದಿನಾ ತಪ್ಪು ಹಾಕಿ ಕಲಿಸುವವನು ಪರೀಕ್ಷೆಯಲ್ಲೂ ಹಾಕಿದೆ ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಪಂಡಿತರು ನಶ್ಯದ ಡಬ್ಬಿಯನ್ನೇ ನೋಡುತ್ತಿದ್ದರು.

“ಇಲ್ರಿ ಸರ್. ಬರಿಯೂವಾಗ ನನ್ನ ಕೈ ತಪ್ಪೈತಿ. ಮೂರು ಸಲ ತಾಳೆ ನೋಡೀನಿ, ನನ್ನ ಕಣ್ಣಿಗೆ ಬೀಳಲಿಲ್ಲ. ಅವರ ಕಣ್ಣಿಗೆ ಬಿತ್ತು.”

ಕೊನೆಯ ಪತ್ರಿಕೆ ಉಳಿದಿತ್ತು. ಗೋಡೆಯ ಪಕ್ಕದ ಎತ್ತರದ ಹುಡುಗನದು. ಆವರೆಗೆ ಹದಿಮೂರು ಮಂದಿ ಪಾಸಾಗಿದ್ದರು. ಇವನದು ಉಳಿದದ್ದೆಲ್ಲ ಕೂಡಿದರೆ ಮೂವತ್ತೆರಡು. ಪಾಸಿಗೆ ಮೂವತ್ತೈದು ಬೇಕು. ಈ ಪ್ರಶ್ನೆಗೆ ನಾಲ್ಕು ಅಂಕ. ಅವನು ಕೇಳಿದ್ದನ್ನು ಕೇಳಿದಂತೆಯೇ ಸಾಧಿಸಲು ಹೊರಟಿದ್ದ. ಮೂರು ಹೆಜ್ಜೆ ಬರೆದಿದ್ದ. ಮೂರಕ್ಕೂ ಸರಿಯಾದ ಕಾರಣವಿತ್ತು. ಎರಡು ಭಾಗಗಳು ಸಮ ಎಂಬ ನಾಲ್ಕನೆಯ ಹೆಜ್ಜೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ್ದ. ಅದರ ಕೆಳಗಿನ ಒಂದು ಸಾಲನ್ನು ಪಂಡಿತರು ನಿಧಾನವಾಗಿ ಕನ್ನಡದಲ್ಲಿ ಹೇಳಿದರು: ‘ಇಲ್ಲಿಂದ ಮುಂದೆ ಹೋಗಲು ಕಾರಣ ಸಿಗುತ್ತಿಲ್ಲ.’

ಮುಂದೆ ಮಾರ್ಚ್ ಪರೀಕ್ಷೆಗೆ ಕುಳಿತು ಅವರಲ್ಲಿ ಹನ್ನೊಂದು ಮಂದಿ ಗಣಿತ ದಾಟಿದರು, ಸೆಕ್ಷನ್ ಉಳಿಯಿತು. ಅದೆಲ್ಲ ಆಮೇಲಿನದು. ನನ್ನ ಕಣ್ಣಿಗೆ ಕಟ್ಟಿದಂತಿರುವುದು ಆ ಸಂಜೆ, ಆ ಮೇಜು, ಎರಡು ಸಲ ಹೊಡೆದುಹಾಕಿದ ಆ ಹೆಜ್ಜೆ. ಬೇರೆ ಯಾವ ಹುಡುಗನೇ ಆಗಲಿ ಏನಾದರೊಂದು ಕಾರಣ ಗೀಚಿ ಮುಗಿಸುತ್ತಿದ್ದ. ನಾನೇ ಮುಗಿಸುತ್ತಿದ್ದೆ.

“ಇವಗ ಎಷ್ಟು ಹಾಕತೀರಿ?” ಎಂದರು ಹೆಡ್‌ಮಾಸ್ತರರು.

“ನಾಲ್ಕಕ್ಕ ನಾಲ್ಕು.”

“ಅಂವ ಮುಗಿಸೇ ಇಲ್ಲಲ್ರಿ?”

“ಮುಗಿಸಾಕ ಬರೂದಿಲ್ರಿ ಸರ್. ಸುಳ್ಳು ಕಾರಣ ಬರದಿದ್ರ ಮುಗೀತಿತ್ತು. ಅಂವ ಬರೀಲಿಲ್ಲ.”

ಹೆಡ್‌ಮಾಸ್ತರರು ಆ ಪತ್ರಿಕೆಯನ್ನು ಇನ್ನೊಮ್ಮೆ ನೋಡಿದರು. ತೆಲುಗು ಅವರಿಗೆ ಓದಲು ಬರುತ್ತಿರಲಿಲ್ಲ, ಆದರೂ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಡ್ರಾಯರಿನಿಂದ ಹಾಲ್ ಟಿಕೆಟ್ ಕೊಡುವವರ ಪಟ್ಟಿಯ ಖಾಲಿ ಹಾಳೆ ತೆಗೆದು, ಪೆನ್ನಿನ ಕ್ಯಾಪ್ ಬಿಚ್ಚಿ ನನ್ನ ಕಡೆ ನೋಡಿದರು.

“ಹೆಸರು ಹೇಳ್ರಿ. ಈ ಹುಡುಗಂದು ಮೊದಲು ಹೇಳ್ರಿ.”